ಕೊಡೆ ರಿಪೇರಿಯ ಅಜ್ಜಿಗೆ ಕನ್ನಡ ಕಲಿಸಿದ್ದು

ನನ್ನ ತಂಗಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಕಾಪುವಿನ ನಮ್ಮ ಮನೆಯಲ್ಲಿ ಎಲ್ಲರೂ ತುಳು ಆಡುವವರು. ಆದರೆ ಅವಳಿದ್ದ ವಸತಿ ಶಾಲೆಯಲ್ಲಿ ತುಟಿ ನೋಡಿ ಮಾತು ತಿಳಿದುಕೊಳ್ಳಲು ಕಲಿಸಿದ್ದು ಕನ್ನಡದಲ್ಲಿ. ಹಾಗಾಗಿ ಅವಳು ರಜೆಗೆ ಬಂದಳೆಂದರೆ ಬೀಡಿ ಕಟ್ಟುತ್ತಾ ಕೂತ ಅಮ್ಮ ತಲೆಯೆತ್ತಿ, ಅವಳ ಮುಖಕ್ಕೆ ನೇರವಾಗಿ ಒಂದೊಂದೇ ಅಕ್ಷರ ಬಿಡಿಸಿ "ಊಟ ಆಯಿತಾ?" ಎಂದು ಕೇಳುತ್ತಿದ್ದರು. ನಮ್ಮ ಮನೆಗೆ ಕನ್ನಡ ಬಂದದ್ದು ಅವಳಿಂದ. ಅದರ ಜೊತೆಗೆ ಕೈಸನ್ನೆಗಳೂ ಕೆಲವು ಇದ್ದವು: ಅನ್ನ, ನೀರು, ಬಸ್ಸು, ಅಪ್ಪ ಬೋಟಿನಿಂದ ಬಂದರು, ಹೀಗೆ. ಅಷ್ಟು ಸಾಕು ಎಂದು ನಾವು ತಿಳಿದಿದ್ದೆವು.

ನಾನು ಮಣಿಪಾಲದ ಒಂದು ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ವಿದ್ಯಾರ್ಥಿಗಳ ಪ್ರಬಂಧಗಳನ್ನು ಟೈಪ್ ಮಾಡುವುದು, ಪ್ರಿಂಟ್ ತೆಗೆಯುವುದು, ಬೈಂಡಿಂಗಿಗೆ ಕೊಡುವುದು. ಇಸವಿ ಎರಡು ಸಾವಿರ ದಾಟಿದ ಮೊದಲ ವರ್ಷಗಳವು. ಒಂದು ಮಧ್ಯಾಹ್ನ ಬೈಂಡಿಂಗಿಗೆ ಕಾಯುತ್ತಿದ್ದ ವಿದ್ಯಾರ್ಥಿಯೊಬ್ಬ ಪಕ್ಕದ ಕಂಪ್ಯೂಟರಿನಲ್ಲಿ ತನ್ನ ಸಿ.ಡಿ. ಹಾಕಿ ಒಂದು ಜಪಾನಿ ಅನಿಮೆ, ಅಂದರೆ ಬಿಡಿಸಿದ ಚಿತ್ರಗಳ ಸಿನಿಮಾ, ನೋಡುತ್ತಿದ್ದ. ನಾನು ಕೆಲಸ ಬಿಟ್ಟು ಇಣುಕಿದೆ. ಬೆಟ್ಟದ ಮೇಲಿನ ಊರು, ಕೊಡೆ ರಿಪೇರಿ ಮಾಡುವ ಮುದುಕಿ, ಅವಳ ಹತ್ತಿರ ಇರಲು ಬಂದ ಸಿಡುಕಿನ ಮೊಮ್ಮಗಳು. ಕೆಳಗೆ ಇಂಗ್ಲಿಷಿನಲ್ಲಿ ಸಬ್‌ಟೈಟಲ್. ಮೊಮ್ಮಗಳು ಸೂಜಿಗೆ ದಾರ ಪೋಣಿಸಲು ಹೋಗಿ ಮೂರು ಸಲ ತಪ್ಪುತ್ತಾಳೆ. ಅಜ್ಜಿ ನೋಡುತ್ತಾಳೆ, ಏನೂ ಹೇಳುವುದಿಲ್ಲ. ಅಷ್ಟೇ ದೃಶ್ಯ. ನಾವು ನೋಡಿದ ಸಿನಿಮಾಗಳಲ್ಲಿ ಕೋಪ ಬಂದವರು ಕೂಗುತ್ತಿದ್ದರು, ಇಲ್ಲಿ ಕೋಪವೆಂದರೆ ದಾರ ಪೋಣಿಸಲಾಗದ ಬೆರಳು. ನನಗೆ ಅದು ಹಿಡಿಸಿತು.

"ಇದು ಮಕ್ಕಳ ಕಾರ್ಟೂನ್ ಅಲ್ವಾ?" ಎಂದು ಅಂಗಡಿಯ ಯಜಮಾನರು ಕೇಳಿದರು. ಅವರು ಕೊಂಕಣಿಯವರು, ಯಾರನ್ನೂ ನೋಯಿಸುವವರಲ್ಲ.

"ಅಲ್ಲ ಸರ್," ಎಂದೆ. ಮತ್ತೆ ಪರದೆಯ ಕಡೆಗೇ ತಿರುಗಿದೆ.

ಆ ವಿದ್ಯಾರ್ಥಿ ಸಿ.ಡಿ.ಯನ್ನು ನನಗೇ ಕೊಟ್ಟ. ಓದು ಮುಗಿಸಿ ಊರಿಗೆ ಹೋಗುವ ಮೊದಲು ಇನ್ನೂ ಏಳೆಂಟು ತಂದುಕೊಟ್ಟ. ಅದೇ ವರ್ಷ ಅಂಗಡಿಗೆ ಹೊಸ ಕಂಪ್ಯೂಟರುಗಳು ಬಂದವು, ಹಳೆಯದೊಂದನ್ನು ಯಜಮಾನರು ನನಗೆ ಬಿಟ್ಟರು. ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ ಉಡುಪಿಯಲ್ಲಿ ಬಸ್ಸು ಬದಲಿಸಿ ಕಾಪುವಿನವರೆಗೆ ಮಡಿಲಲ್ಲಿ ಇಟ್ಟುಕೊಂಡು ತಂದೆ.

ದಸರಾ ರಜೆಗೆ ತಂಗಿ ಬಂದಾಗ ಬಹಳ ಉತ್ಸಾಹದಿಂದ ಆ ಸಿನಿಮಾ ಹಾಕಿದೆ. ಹತ್ತು ನಿಮಿಷ ನೋಡಿದಳು. ಆಮೇಲೆ ಎದ್ದು ತನ್ನ ನೋಟ್‌ಬುಕ್ ತಂದು ಬರೆದಳು: "ಬಾಯಿ ಸುಳ್ಳು."

ನನಗೆ ಅರ್ಥವಾಗಲಿಲ್ಲ. ಅವಳು ನನ್ನ ಗಲ್ಲ ಹಿಡಿದು ಬಾಯಿ ತೆರೆಸಿ ಮುಚ್ಚಿಸಿ ತೋರಿಸಿದಳು. ಬಿಡಿಸಿದ ಚಿತ್ರದ ಬಾಯಿಗೆ ತೆರೆಯುವುದು ಮುಚ್ಚುವುದು ಬಿಟ್ಟು ಬೇರೆ ಗೊತ್ತಿಲ್ಲ. ತುಟಿ ಓದುವವರಿಗೆ ಅಲ್ಲಿ ಓದಲು ಏನೂ ಇರಲಿಲ್ಲ. ಇಷ್ಟು ಸಲ ನೋಡಿಯೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಕಣ್ಣು ನಿಜ," ಎಂದು ಕೆಳಗೆ ಬರೆದಳು. "ಅಜ್ಜಿ ಕೋಪ ಇಲ್ಲ. ಅಜ್ಜಿ ಭಯ. ಯಾಕೆ?" ಅವಳು ಬರೆಯುವ ಕನ್ನಡದಲ್ಲಿ ಪ್ರತ್ಯಯಗಳು ಕಡಿಮೆ. ಆದರೆ ಅಜ್ಜಿಗೆ ಭಯ ಎಂಬುದನ್ನು ನಾನು ತಿಳಿದದ್ದು ಸಿನಿಮಾ ಮುಗಿಯುವ ಹೊತ್ತಿಗೆ, ಅವಳು ಹತ್ತೇ ನಿಮಿಷದಲ್ಲಿ ಹಿಡಿದಿದ್ದಳು. ಆಮೇಲೆ ಪರದೆಯ ಕೆಳಗಿನ ಸಾಲನ್ನು ಬೆರಳಿನಿಂದ ಒರೆಸಿ ಹಾಕುವವಳಂತೆ ತೋರಿಸಿ ಬರೆದಳು: "ಇಂಗ್ಲಿಷ್ ನನಗೆ ಬರಲ್ಲ. ನೀನು ಕನ್ನಡ ಬರೆ."

ಅದು ವಿನಂತಿಯಾಗಿರಲಿಲ್ಲ, ಆಜ್ಞೆ. ನಾನು ಒಪ್ಪಿದೆ.

ಸಬ್‌ಟೈಟಲ್ ಎಂದರೆ ಒಂದು ಉದ್ದನೆಯ ಪಟ್ಟಿ. ಯಾವ ಸಾಲು ಯಾವ ಕ್ಷಣದಲ್ಲಿ ಬರಬೇಕು, ಯಾವ ಕ್ಷಣದಲ್ಲಿ ಹೋಗಬೇಕು ಎಂದು ಬರೆದಿಡಬೇಕು. ಆ ಹಳೆಯ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಕೂರಿಸುವುದಕ್ಕೇ ಮೂರು ಭಾನುವಾರ ಹಿಡಿಯಿತು. ಒತ್ತಕ್ಷರಗಳು ಕೆಳಗೆ ನಿಲ್ಲದೆ ಪಕ್ಕಕ್ಕೆ ಬಂದು ಕೂರುತ್ತಿದ್ದವು, "ಅಜ್ಜಿ" ಎಂಬ ಶಬ್ದ ಮುರಿದುಬಿದ್ದ ಕುರ್ಚಿಯಂತೆ ಕಾಣುತ್ತಿತ್ತು. ಸರಿಮಾಡಿದೆ. ಡಿಸೆಂಬರ್ ರಜೆಗೆ ಬಂದಾಗ, ನನ್ನ ಸಾಲುಗಳು ಉದ್ದವಾದವು ಎಂದು ತಂಗಿ ತಕರಾರು ತೆಗೆದಳು. ಓದಿ ಮುಗಿಸಿ ಮುಖ ನೋಡುವಷ್ಟರಲ್ಲಿ ಮುಖವೇ ಹೋಗಿರುತ್ತದೆ ಎಂದಳು. ಅವಳು ಶಾಲೆಗೆ ವಾಪಸು ಹೋದ ಮೇಲೆ ಎಲ್ಲವನ್ನೂ ಕತ್ತರಿಸಿ ಮತ್ತೆ ಬರೆದೆ.

ಬೇಸಿಗೆ ರಜೆಯಲ್ಲಿ ಸಿನಿಮಾ ಪೂರ್ತಿ ನೋಡಿದಳು. ನಡುವೆ ಒಂದು ಕಡೆ ಅಜ್ಜಿ, ಮೊಮ್ಮಗಳು ಇಬ್ಬರೂ ಮಳೆಯಲ್ಲಿ ಅಂಗಡಿಯೊಳಗೆ ಕೂತು ಮಾತಿಲ್ಲದೆ ಕೊಡೆ ಹೊಲಿಯುತ್ತಾರೆ. ಅಲ್ಲಿ ನಾನು ಏನೂ ಬರೆದಿರಲಿಲ್ಲ.

"ಅಕ್ಷರ ಎಲ್ಲಿ?" ಎಂದು ನೋಟ್‌ಬುಕ್ಕಿನಲ್ಲಿ ಬರೆದು ಕೇಳಿದಳು.

"ಯಾರೂ ಮಾತಾಡುವುದಿಲ್ಲ," ಎಂದೆ.

"ಮಳೆ ಸುಮ್ಮನೆ ಉಂಟಾ?"

"ಇಲ್ಲ."

"ಮತ್ತೆ ಬರೆ!"

"ಮಳೆಯ ಸದ್ದು" ಎಂದು ಬರೆದು ತೋರಿಸಿದೆ. ಹೊಡೆದುಹಾಕಿದಳು. ಸದ್ದು ಎಂದರೆ ತನಗೆ ಎಂತ ಗೊತ್ತಾಗಬೇಕು ಎಂಬುದು ಅವಳ ಪ್ರಶ್ನೆ. ಪಾಠದಲ್ಲಿ ಅವಳು ಜಿಟಿಜಿಟಿ, ಪಟಪಟ, ಧೋ ಎಂಬ ಶಬ್ದಗಳನ್ನೆಲ್ಲ ಕಲಿತಿದ್ದಳು. ಜೂನಿನ ಮೊದಲ ಮಳೆ ಬಂದಾಗ, ಶಾಲೆಗೆ ಹೊರಡುವ ಮೊದಲು, ನನ್ನ ಕೈ ಹಿಡಿದು ಬಚ್ಚಲಿನ ತಗಡಿನ ಮಾಡಿನ ಹತ್ತಿರ ಕರೆದುಕೊಂಡು ಹೋಗಿ ಅಂಗೈ ಇಡಿಸಿದಳು. ತಾನೂ ಇಟ್ಟಳು. ದೊಡ್ಡ ಹನಿ ಬಿದ್ದಾಗ "ಪಟಪಟ" ಎಂದು ತುಟಿಯಾಡಿಸಿದಳು. ಮಳೆ ಜೋರಾದಾಗ "ಧೋ". ಸಣ್ಣಗಾದಾಗ ಕೈ ತೆಗೆದು ಹೇಳಿದಳು, ಜಿಟಿಜಿಟಿ ಕೈಗೆ ಸಿಗುವುದಿಲ್ಲ, ಅದು ಕಣ್ಣಿಗೆ ಮಾತ್ರ. ನಾನು ಮೂವತ್ತು ಮಳೆಗಾಲ ಕೇಳಿದ್ದರೂ ಹೀಗೆ ವಿಂಗಡಿಸಿರಲಿಲ್ಲ.

ಸೂಜಿ ಬಟ್ಟೆಯೊಳಗೆ ಹೋಗುವ ಸದ್ದಿಗೆ ಶಬ್ದ ಸಿಗದೆ ಅಮ್ಮನನ್ನು ಕೇಳಿದೆ. ಅಮ್ಮ ಬೀಡಿಯ ಮೊರ ಬದಿಗಿಟ್ಟು, ರವಿಕೆಯ ತುಂಡೊಂದನ್ನು ಕಿವಿಯ ಹತ್ತಿರ ಹಿಡಿದು ಹೊಲಿದು ನೋಡಿದರು.

"ಸದ್ದು ಎಂತದ್ದೂ ಇಲ್ಲ ಮಾರಾಯ್ತಿ," ಎಂದರು. "ಇದ್ದರೆ ದಾರ ಎಳೆಯುವಾಗ ಸರ್ರ್ ಅಂತ ಉಂಟು."

ಸರ್ರ್ ಎಂದೇ ಬರೆದೆ.

ಈ ಜಗ್ಗಾಟಗಳನ್ನೆಲ್ಲ ಬರೆದಿಡಬೇಕೆನಿಸಿ ಒಂದು ಬ್ಲಾಗ್ ಶುರುಮಾಡಿದೆ, ಕನ್ನಡದಲ್ಲಿ. ಊಟದ ಬಿಡುವಿನಲ್ಲಿ ಅಂಗಡಿಯಿಂದಲೇ ಹಾಕುತ್ತಿದ್ದೆ. ಅನಿಮೆಯ ಪಾತ್ರಗಳ ಬಗ್ಗೆ, ಅಲ್ಲಿ ಅನ್ನ ಬೇಯುವುದಕ್ಕೂ ದೀಪ ಹಚ್ಚುವುದಕ್ಕೂ ಕೊಡುವ ಸಮಯದ ಬಗ್ಗೆ, ಕೆಟ್ಟವರೇ ಇಲ್ಲದ ಕತೆಯಲ್ಲಿ ದುಃಖ ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಬರೆದೆ. ಬಂದ ಮೊದಲ ಪ್ರತಿಕ್ರಿಯೆ: "ಕಾರ್ಟೂನಿಗೆ ಇಷ್ಟೆಲ್ಲ ವಿಮರ್ಶೆಯಾ? ಅದೂ ಕನ್ನಡದಲ್ಲಿ ಓದುವವರು ಯಾರು?" ನನಗೆ ಸಿಟ್ಟು ಬಂತು. ಉತ್ತರ ಬರೆಯುವ ಬದಲು ಆ ವಾರ ಒಂದಲ್ಲ, ಮೂರು ಬರಹ ಹಾಕಿದೆ. ಯಾರೂ ಓದದಿದ್ದರೆ ನಾನೇ ಓದುತ್ತೇನೆ ಎಂದುಕೊಂಡೆ.

ಓದುವವರು ಒಬ್ಬರು ಅಂಗಡಿಗೇ ಬಂದರು. ವಾಚ್‌ಮನ್ ಅಂಗಿಯಲ್ಲಿದ್ದರು. ಬಾಗಲಕೋಟೆ ಕಡೆಯವರು, ಪರ್ಕಳದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಮಣಿಪಾಲದ ಒಂದು ಕಂಪ್ಯೂಟರ್ ಲ್ಯಾಬಿನ ಬಾಗಿಲು ಕಾಯುತ್ತಿದ್ದರು. ನನ್ನ ಅಂಗಡಿ ಯಾವುದೆಂದು ಬರಹದ ಗುರುತಿನ ಮೇಲೆ ಹುಡುಕಿಕೊಂಡು ಬಂದಿದ್ದರು.

"ಅಕ್ಕಾರ, ಆ ಮಳಿ ಸಪ್ಪಳದ್ದು ಬರದೋರು ನೀವ ಏನ್ರಿ?"

"ಹೌದು."

"ನಮ್ಮ ಹುಡುಗಿಗೂ ಕಿವಿ ಕೇಳ್ಸಂಗಿಲ್ರಿ. ಹತ್ತು ವರ್ಷದಾಕಿ. ಸಾಲಿಗೆ ಹೋಗ್ತಾಳ, ಹಿಂದಿನ ಬೆಂಚಿನ್ಯಾಗ ಕುಂದರ್ತಾಳ, ಬರ್ತಾಳ. ಆ ಸಿನಿಮಾ ಆಕಿಗೂ ತೋರಸ್ತೀರೇನ್ರಿ?"

ಅಷ್ಟರಲ್ಲಿ ತಂಗಿ ಶಾಲೆ ಮುಗಿಸಿ ಕಾರ್ಕಳದ ಒಂದು ಟೈಲರ್ ಅಂಗಡಿಗೆ ಸೇರಿದ್ದಳು, ಶಾಲೆಯ ಗೆಳತಿಯ ಮನೆಯಲ್ಲಿ ಇದ್ದಳು. ತಿಂಗಳಿಗೊಂದು ಭಾನುವಾರ ಆ ಕಡೆಯ ಕಿವುಡರೆಲ್ಲ ಒಂದು ಶಾಲೆಯ ಕೋಣೆಯಲ್ಲಿ ಸೇರುತ್ತಿದ್ದರು. ಅಲ್ಲಿ ಕಂಪ್ಯೂಟರು, ಗೋಡೆಗೆ ಚಿತ್ರ ಬಿಡುವ ಪ್ರೊಜೆಕ್ಟರು ಎರಡೂ ಇದ್ದವು. ಅಲ್ಲಿಯೇ ತೋರಿಸುವುದೆಂದು ತಂಗಿ ನಿರ್ಧರಿಸಿದಳು. ವಾಚ್‌ಮನ್ ಮಗಳನ್ನು ಕರೆದುಕೊಂಡು ಬಂದರು. ಇಪ್ಪತ್ತು ಜನರಷ್ಟು ಸೇರಿದ್ದರು. ಕೋಣೆಯಲ್ಲಿ ಮಾತಿಲ್ಲ, ಆದರೆ ಸಂತೆಯಂಥ ಗಲಾಟೆ, ಎಲ್ಲರ ಕೈಗಳೂ ಓಡುತ್ತಿದ್ದವು. ಬಾಗಿಲಲ್ಲೇ ನಿಂತ ಆ ಹುಡುಗಿ ಅಪ್ಪನ ಅಂಗಿ ಹಿಡಿದು ಆ ಕೈಗಳನ್ನೇ ನೋಡುತ್ತಿದ್ದಳು. ತನ್ನಂಥ ದೊಡ್ಡವರು ಇರುತ್ತಾರೆಂದು ಅವಳಿಗೆ ಆ ದಿನದವರೆಗೆ ಗೊತ್ತಿರಲಿಲ್ಲ.

ಸಿನಿಮಾ ಶುರುವಾಯಿತು. ಅಜ್ಜಿ ಬಂದಳು, ಬಾಯಿ ತೆರೆದಳು. ಕೆಳಗೆ ಸಾಲಾಗಿ ಖಾಲಿ ಚೌಕಗಳು ಬಂದವು. ಆ ಕಂಪ್ಯೂಟರಿನಲ್ಲಿ ಕನ್ನಡ ಹಾಕಿರಲಿಲ್ಲ.

ನಿಲ್ಲಿಸಿದೆ. ಮತ್ತೆ ಹಾಕಿದೆ. ಚೌಕಗಳೇ. ಕನ್ನಡ ಹಾಕಲು ಬೇಕಾದ ಸಿ.ಡಿ. ಮಣಿಪಾಲದಲ್ಲಿತ್ತು, ಭಾನುವಾರ ಅಂಗಡಿ ಮುಚ್ಚಿತ್ತು. ಎರಡು ವರ್ಷ ಮಾಡಿದ ಕೆಲಸವಷ್ಟೂ ಚೌಕಗಳಾಗಿ ಗೋಡೆಯ ಮೇಲೆ ನಿಂತಿತ್ತು.

"ಇವತ್ತು ಬೇಡ," ಎಂದು ತಂಗಿಯ ಕಡೆ ತಿರುಗಿ ಹೇಳಿದೆ. "ಮುಂದಿನ ತಿಂಗಳು."

ಅವಳು ಇಲ್ಲವೆಂದು ತಲೆಯಾಡಿಸಿದಳು. "ಹಾಕು," ಎಂದು ತುಟಿಯಾಡಿಸಿ ಎದ್ದು ಹೋಗಿ ಗೋಡೆಯ ಮೇಲಿನ ಚಿತ್ರದ ಪಕ್ಕದಲ್ಲಿ ನಿಂತಳು.

ಹಾಕಿದೆ. ಶಾಲೆಯ ಹಾಸ್ಟೆಲಿನಲ್ಲಿ ಗೆಳತಿಯರಿಂದ ಕಲಿತ ಸನ್ನೆಭಾಷೆಯಲ್ಲಿ ಅವಳು ಶುರುಮಾಡಿದಳು. ಅಜ್ಜಿಯ ಮಾತು ಬಂದಾಗ ಬೆನ್ನು ಬಾಗಿಸಿ ಅಜ್ಜಿಯಾದಳು, ಮೊಮ್ಮಗಳ ಮಾತಿಗೆ ಭುಜ ಏರಿಸಿ ಮೊಮ್ಮಗಳಾದಳು. ಯಾವ ಸಾಲು ಎಲ್ಲಿ ಬರುತ್ತದೆಂದು ಅವಳಿಗೆ ಬಾಯಿಪಾಠವಿತ್ತು, ಅಷ್ಟು ಸಲ ನೋಡಿದ್ದಳು. ಮಳೆಯ ದೃಶ್ಯದಲ್ಲಿ ಹತ್ತೂ ಬೆರಳುಗಳನ್ನು ಮೇಲಿನಿಂದ ಇಳಿಸುತ್ತಾ, ಒಮ್ಮೆ ಮೆಲ್ಲಗೆ, ಒಮ್ಮೆ ರಭಸದಿಂದ, ಇಡೀ ಕೋಣೆಗೆ ಮಳೆ ತಂದಳು. ಜನ ನಕ್ಕರು, ಸುಮ್ಮನಾದರು, ಮತ್ತೆ ನಕ್ಕರು. ಯಾಕೆ ನಕ್ಕರೆಂದು ನನಗೆ ಹಲವು ಕಡೆ ಗೊತ್ತಾಗಲಿಲ್ಲ. ನಾನು ಅಕ್ಕ, ಆ ಸಿನಿಮಾದ ಪ್ರತಿ ಸಾಲನ್ನೂ ಬರೆದವಳು. ಆ ಕೋಣೆಯಲ್ಲಿ ಸಬ್‌ಟೈಟಲ್ ಬೇಕಾಗಿದ್ದದ್ದು ನನಗೆ ಮತ್ತು ವಾಚ್‌ಮನ್‌ಗೆ ಮಾತ್ರ.

ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದರು. ಮಗಳು ಮುಂದಿನ ಸಾಲಿನಲ್ಲಿ ಕೂತು ಪಕ್ಕದ ಹೆಂಗಸಿನಿಂದ "ಕೊಡೆ" ಎಂಬ ಸನ್ನೆ ಕಲಿಯುತ್ತಿದ್ದಳು.

"ಆ ಸಾಲಿ ಎಲ್ಲೈತ್ರಿ, ನಿಮ್ಮ ತಂಗಿ ಕಲ್ತದ್ದು?" ಎಂದು ಕೇಳಿದರು. ವಿಳಾಸ ಬರೆದುಕೊಟ್ಟೆ.

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾಪುವಿಗೆ ಬರುವಷ್ಟರಲ್ಲಿ ಎರಡು ನಿರ್ಧಾರ ಮಾಡಿದ್ದೆ. ಒಂದು, ಯಾವ ಯಂತ್ರದಲ್ಲಿ ಹಾಕಿದರೂ ಚೌಕವಾಗದ ಹಾಗೆ ಅಕ್ಷರಗಳನ್ನು ಚಿತ್ರದ ಮೇಲೆಯೇ ಅಚ್ಚು ಹಾಕುವುದು. ಎರಡು, ನನ್ನ ತಂಗಿಯ ಭಾಷೆಯನ್ನು ಸರಿಯಾಗಿ ಕಲಿಯುವುದು. ಇಪ್ಪತ್ತು ವರ್ಷ ತಡವಾಗಿತ್ತು, ಇನ್ನೂ ತಡ ಮಾಡುವಂತಿರಲಿಲ್ಲ.

ಮೊದಲನೆಯದಕ್ಕೆ ಯಜಮಾನರು ಸಹಾಯ ಮಾಡಿದರು. ಅಕ್ಷರ ಅಚ್ಚಾಗಲು ಕಂಪ್ಯೂಟರು ಇಡೀ ದಿನ ಓಡಬೇಕಿತ್ತು. ಒಂದು ಭಾನುವಾರ ಅಂಗಡಿಯ ಬೀಗದ ಕೈ ಕೊಟ್ಟು, "ಎಂತ ಬೇಕಾದರೂ ಮಾಡು, ಫ್ಯಾನ್ ಒಂದು ಆಫ್ ಮಾಡಿ ಹೋಗು," ಎಂದರು. ಎರಡು ಸಲ ನಡುವೆ ಕರೆಂಟು ಹೋಗಿ ಹಾಳಾಯಿತು. ಮೂರನೆಯ ಭಾನುವಾರ ಆಯಿತು.

ಎರಡನೆಯದು ಕಷ್ಟ. ತಂಗಿ ಕಟ್ಟುನಿಟ್ಟಿನ ಮೇಷ್ಟ್ರು. ಕೈ ಸರಿಯಿದ್ದು ಮುಖ ಸುಮ್ಮನಿದ್ದರೆ ಒಪ್ಪುತ್ತಿರಲಿಲ್ಲ. ಮುಖವೂ ವ್ಯಾಕರಣ ಎಂದು ಬರೆದು ತೋರಿಸುತ್ತಿದ್ದಳು. ಬಸ್ಸಿನ ಕಿಟಕಿಯ ಪಕ್ಕ ಕೂತು ಅಭ್ಯಾಸ ಮಾಡುವಾಗ ಜನ ನೋಡುತ್ತಿದ್ದರು. ನೋಡಲಿ ಎಂದು ಬಿಟ್ಟೆ.

ಕಾರ್ಕಳದಲ್ಲಿ ಮತ್ತೆ ಆ ಸಿನಿಮಾ ಹಾಕಿದಾಗ ಅಕ್ಷರಗಳು ಗಟ್ಟಿಯಾಗಿ ನಿಂತವು. ತಂಗಿ ಈ ಸಲ ಎಲ್ಲರ ನಡುವೆ ಕೂತು ನೋಡಿದಳು. ಮುಗಿದ ಮೇಲೆ ವಯಸ್ಸಾದ ಟೈಲರ್ ಒಬ್ಬರು ಎದ್ದು ಕೈಯಲ್ಲಿ ಕೇಳಿದರು: ಅಷ್ಟು ದಿನ ಮೊಮ್ಮಗಳನ್ನು ದೂರವಿಟ್ಟ ಅಜ್ಜಿ ಕೊನೆಯಲ್ಲಿ ಅವಳ ಕ್ಷಮೆ ಕೇಳಲೇ ಇಲ್ಲವಲ್ಲ, ಯಾಕೆ?

ಬ್ಲಾಗಿನಲ್ಲಿ ನಾನು ಇದಕ್ಕೆ ಉತ್ತರ ಬರೆದಾಗಿತ್ತು: ಅಜ್ಜಿಯ ಅಹಂಕಾರ. ಅದನ್ನೇ ನಿಧಾನವಾಗಿ ಸನ್ನೆಯಲ್ಲಿ ಹೇಳಿದೆ. ಅರ್ಧ ಕೋಣೆ ನಕ್ಕಿತು. ನಾನು "ಅಹಂಕಾರ"ದ ಬದಲು ಬೇರೇನೋ ಮಾಡಿದ್ದೆ. ತಂಗಿ ತಿದ್ದಿದಳು, ಆಮೇಲೆ ನನ್ನ ಅಭಿಪ್ರಾಯವನ್ನೂ ತಿದ್ದಲು ನಿಂತಳು. ಅಜ್ಜಿ ಹರಿದ ಕೊಡೆಯನ್ನು ಹೊಲಿದು ಮೊಮ್ಮಗಳ ಕೈಗೆ ಕೊಟ್ಟದ್ದೇ ಕ್ಷಮೆ, ಬಾಯಲ್ಲಿ ಹೇಳಿದರೆ ಮಾತ್ರ ಹೇಳಿದಂತೆ ಎಂದು ಕಿವಿ ಕೇಳುವವರು ತಿಳಿಯುತ್ತಾರೆ ಎಂದಳು. ಟೈಲರ್ ಒಪ್ಪಲಿಲ್ಲ. ಆ ಹೊತ್ತಿಗಾಗಲೇ ತಂಗಿ ಕಲಿತ ವಸತಿ ಶಾಲೆಗೆ ಸೇರಿದ್ದ ವಾಚ್‌ಮನ್ ಮಗಳು ಬೆಂಚಿನ ಮೇಲೆ ಹತ್ತಿ ನಿಂತು ಅವರೊಡನೆ ವಾದಕ್ಕಿಳಿದಳು. ಚರ್ಚೆ ಸಿನಿಮಾಕ್ಕಿಂತ ಹೆಚ್ಚು ಹೊತ್ತು ನಡೆಯಿತು.

ಸೋಮವಾರ ಮಧ್ಯಾಹ್ನ, ಬುತ್ತಿ ಬಿಚ್ಚುವ ಮೊದಲು, ಬ್ಲಾಗಿನ ಹಳೆಯ ಬರಹವನ್ನು ತೆರೆದೆ. ಅಳಿಸಲಿಲ್ಲ. ಅದರ ಕೆಳಗೆ, ಈ ಅಭಿಪ್ರಾಯ ತಪ್ಪು ಎಂದು ನನಗೆ ತೋರಿಸಿಕೊಟ್ಟವಳ ಬರಹ ಇದು ಎಂದು ಒಂದು ಸಾಲು ಸೇರಿಸಿ, ತಂಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟಿದ್ದನ್ನು ಒಂದು ಪ್ರತ್ಯಯವನ್ನೂ ಸೇರಿಸದೆ ಹಾಗೆಯೇ ಟೈಪ್ ಮಾಡಿದೆ.