ನೌಫಲನ ಪಟ್ಟಿಯಲ್ಲಿ ಇಲ್ಲದ ಸಿನಿಮಾ

ಅರಬ್ಬರ ನಾಡಿನ ಇರ್ಬಿದ್ ಊರಿನ ತರಕಾರಿ ಮಾರುಕಟ್ಟೆಯ ಹಿಂದೆ ಒಂದು ಇಳಿಜಾರು ರಸ್ತೆಯಿದೆ. ಅಲ್ಲಿ ನೌಫಲನ ಕ್ಷೌರದಂಗಡಿ. ಕುರ್ಚಿಯಲ್ಲಿ ಕೂತವರಿಗೆ ತಮ್ಮ ಮುಖಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಕನ್ನಡಿಯ ಮೂಲೆಗೆ ಅಂಟಿಸಿದ ಒಂದು ರಟ್ಟು. ಅದರ ಮೇಲೆ ಹಸಿರು ಮಾರ್ಕರಿನಲ್ಲಿ ಹತ್ತು ಸಿನಿಮಾಗಳ ಹೆಸರು, ಹತ್ತೂ ಕಾರ್ಟೂನು. ಮೊದಲನೆಯದು ‘ಉಪ್ಪಿನ ಹಡಗು’, ಎರಡನೆಯದು ‘ಏಳು ಕಿಟಕಿಯ ಗೋಪುರ’, ಹೀಗೆ ಹತ್ತನೆಯ ‘ಬೆಕ್ಕಿನ ಸುಲ್ತಾನ’ನವರೆಗೆ. ನಲವತ್ತೊಂದು ವರ್ಷದ ಗಂಡಸು ಇಂಥದ್ದೊಂದನ್ನು ಬರೆದು ಅಂಗಡಿಯಲ್ಲಿ ತೂಗುಹಾಕಿಕೊಂಡರೆ ಊರು ಸುಮ್ಮನಿರುತ್ತದೆಯೇ? ಆ ಕಡೆ ಮದುವೆಯಾಗಿ ಮಗ ಹುಟ್ಟಿದವನನ್ನು ಮಗನ ಹೆಸರಿನಿಂದ ಕರೆಯುತ್ತಾರೆ. ಮದುವೆಯೇ ಆಗದ ನೌಫಲನಿಗೆ ಊರೇ ಒಂದು ಮಗುವನ್ನು ಕೊಟ್ಟು ‘ಅಬು ಕಾರ್ಟೂನ್’ ಎಂದು ಕರೆಯುತ್ತಿತ್ತು. ಅಂದರೆ ಕಾರ್ಟೂನಿನ ಅಪ್ಪ.

ಪಟ್ಟಿ ಅವನ ಖಯಾಲಿಗೆ ಬಂದಂತೆ ಬರೆದದ್ದಲ್ಲ. ಅಪ್ಪನಿಂದ ಅಂಗಡಿ ಕೈಗೆ ಬಂದಾಗ ಅವನಿಗೆ ಇಪ್ಪತ್ತು ವರ್ಷ. ಚಿಕ್ಕ ಮಕ್ಕಳು ಕುರ್ಚಿ ಹತ್ತಿದರೆ ಸಾಕು, ಕಿವಿ ಉಳಿಸುವುದೇ ಸಾಹಸವಾಗುತ್ತಿತ್ತು. ಗೋಡೆಗೆ ಒಂದು ಟೀವಿ ಹಾಕಿಸಿ ಕಾರ್ಟೂನು ಹಚ್ಚಿದ. ಮಕ್ಕಳು ಬೊಂಬೆಗಳಾದರು. ಅಂದಿನಿಂದ ಯಾವ ಸಿನಿಮಾಕ್ಕೆ ಎಷ್ಟು ಹೊತ್ತು ಕತ್ತು ಅಲುಗುವುದಿಲ್ಲ ಎಂದು ನೋಡತೊಡಗಿದ. ನಗಿಸುವ ಚಿತ್ರಗಳೆಲ್ಲ ಅವನ ಲೆಕ್ಕದಲ್ಲಿ ಕೆಳಗೆ ಬಿದ್ದವು, ಯಾಕೆಂದರೆ ನಕ್ಕ ಮಗುವಿನ ಭುಜ ಕುಣಿಯುತ್ತದೆ. ಅಳಿಸುವವೂ ಬಿದ್ದವು, ಮೂಗು ಒರೆಸಲು ಕೈ ಮೇಲೆ ಬರುತ್ತದೆ. ಮುಂದೇನಾಗುತ್ತದೋ ಎಂದು ಬಾಯಿ ಬಿಟ್ಟುಕೊಂಡು ಕೂರಿಸುವ ಚಿತ್ರಗಳೇ ಮೇಲಕ್ಕೆ ಹೋದವು. ‘ಉಪ್ಪಿನ ಹಡಗು’ ಹಾಕಿದರೆ ಕಿವಿಯ ಹಿಂದೆ ಕತ್ತಿ ಆಡಿಸಬಹುದು, ಅಷ್ಟು ಧೈರ್ಯ.

ಆದರೂ ಪಟ್ಟಿಯ ಮೇಲೆ ಜಗಳ ತಪ್ಪುತ್ತಿರಲಿಲ್ಲ. ಜಗಳಕ್ಕೆ ಕಾರಣ ಪಟ್ಟಿಯಲ್ಲಿದ್ದ ಸಿನಿಮಾಗಳಲ್ಲ, ಇಲ್ಲದ ಒಂದು. ‘ಮಂಜಿನ ಬಂದರು’ ನೋಡದೆ ಬೆಳೆದವರು ಆ ಕಡೆ ಯಾರೂ ಇಲ್ಲ. ಎಲ್ಲಿಂದಲೋ ಬಂದ ಆ ಚಿತ್ರಕ್ಕೆ ಅರಬ್ಬೀ ಮಾತು ಕೂಡಿಸಿ ಈದ್ ಬಂದಾಗಲೆಲ್ಲ ಟೀವಿಯಲ್ಲಿ ಹಾಕುತ್ತಿದ್ದರು. ಹಿಮ ಬೀಳುವ ಬಂದರು, ದೀಪಸ್ತಂಭ ಕಾಯುವ ಹುಡುಗ, ಕೆಂಪು ಮಫ್ಲರಿನ ಹುಡುಗಿ. ಮೀಸೆ ಬಂದವರೂ ಅದನ್ನು ನೆನೆದು ನಿಟ್ಟುಸಿರು ಬಿಡುತ್ತಿದ್ದರು. ಅದು ನೌಫಲನ ಹತ್ತರಲ್ಲಿ ಇರಲಿಲ್ಲ. ಕೇಳಿದವರಿಗೆ ದಿನಕ್ಕೊಂದು ನೆಪ ಹೇಳುತ್ತಿದ್ದ. ಬಣ್ಣ ಮಾಸಿದೆ ಎನ್ನುತ್ತಿದ್ದ, ತುಂಬ ಉದ್ದ ಎನ್ನುತ್ತಿದ್ದ. ಒಂದು ಸಲ ಹಿಮ ನೋಡಿದರೆ ತನಗೆ ಶೀತವಾಗುತ್ತದೆ ಎಂದೂ ಹೇಳಿದ.

ನಿಜ ಸಂಗತಿ ಬೇರೆ. ಅವನಿಗೆ ಹದಿನೇಳು ವರ್ಷವಾಗಿದ್ದಾಗ ಮನೆಯ ಟೀವಿ ಕೆಟ್ಟು ರಿಪೇರಿ ಅಂಗಡಿ ಸೇರಿತ್ತು. ಒಂದು ಚಳಿಗಾಲದ ಶುಕ್ರವಾರ ಮಧ್ಯಾಹ್ನ ಆ ಅಂಗಡಿಯ ಗಾಜಿನ ಹಿಂದೆ, ಆ ವರ್ಷವಷ್ಟೇ ಹೊಸದಾಗಿ ಬಂದಿದ್ದ ‘ಮಂಜಿನ ಬಂದರು’ ಓಡುತ್ತಿತ್ತು. ಅಂಗಡಿಗೆ ಬೀಗ, ಟೀವಿ ಮಾತ್ರ ಚಾಲೂ. ನೌಫಲ್ ಫುಟ್‌ಪಾತಿನ ಮೇಲೆ ನಿಂತು ಪೂರಾ ಸಿನಿಮಾ ನೋಡಿದ. ಒಂದು ಮಾತೂ ಕೇಳಿಸಲಿಲ್ಲ, ಕೇಳಿಸಬೇಕು ಅಂತಲೂ ಅನ್ನಿಸಲಿಲ್ಲ. ಆ ಹುಡುಗ ಹುಡುಗಿಯನ್ನು ನೋಡುವ ರೀತಿ ನೋಡಿ ಅವನಿಗೆ ಒಂದೇ ನೆನಪಾಯಿತು, ಪಕ್ಕದ ಬೀದಿಯ ಸಮೀಹಾ. ತನ್ನ ನೋಟ್ಸುಗಳನ್ನು ಅವನಿಗೆ ಓದಲು ಕೊಡುತ್ತಿದ್ದ ಹುಡುಗಿ ಅವಳು. ಬಾಯಿ ಬಿಟ್ಟು ಹೇಳುವ ಧೈರ್ಯ ಇಲ್ಲ. ಮುಂದಿನ ವಾರ ಹಿಂದಿರುಗಿಸಿದ ನೋಟ್‌ಬುಕ್ಕಿನೊಳಗೆ ಒಂದು ಚೀಟಿ ಇಟ್ಟ: “ದೀಪಸ್ತಂಭದ ಹುಡುಗನಿಗೆ ಆ ಕೆಂಪು ಮಫ್ಲರಿನ ಹುಡುಗಿ ಹೇಗೋ, ನನಗೆ ನೀನು ಹಾಗೆ.” ನಾಲ್ಕು ದಿನ ಅನ್ನ ಸೇರಲಿಲ್ಲ. ಐದನೆಯ ದಿನ ಇನ್ನೊಂದು ನೋಟ್‌ಬುಕ್ಕಿನಲ್ಲಿ ಉತ್ತರ ಬಂತು: “ನೀನೂ ನನಗೆ ಹಾಗೇ, ಅಣ್ಣಾ.”

ಅಣ್ಣ! ಇದಕ್ಕಿಂತ ಮರ್ಯಾದೆಯಿಂದ ಒಬ್ಬನನ್ನು ಹೊಸಿಲಾಚೆ ದಾಟಿಸುವುದು ಸಾಧ್ಯವೇ? ಅವತ್ತಿನಿಂದ ಆ ಸಿನಿಮಾ ಎಲ್ಲೇ ಬಂದರೂ ನೌಫಲ್ ಎದ್ದು ಹೋಗುತ್ತಿದ್ದ. ಸಮೀಹಾ ಓದಿ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾದಳು. ಬಂದ ಸಂಬಂಧಗಳನ್ನು ತಳ್ಳುತ್ತ ತಳ್ಳುತ್ತ ಅಪ್ಪ ಅಮ್ಮನ ಜೊತೆಗೇ ಉಳಿದಳು. ದಿನಾ ಶಾಲೆ ಬಿಟ್ಟ ಮೇಲೆ ಅಂಗಡಿಯ ಮುಂದೆ ಹಾದುಹೋಗುವಾಗ “ಸಲಾಂ, ನೌಫಲಣ್ಣ” ಎನ್ನುತ್ತಿದ್ದಳು. ಅವನು ಕತ್ತರಿ ಎತ್ತಿ ಸಲಾಂ ಹೇಳುತ್ತಿದ್ದ. ಇಪ್ಪತ್ತನಾಲ್ಕು ವರ್ಷ ಇಷ್ಟೇ ಮಾತು.

ಈ ಮಂಗಳವಾರ ಅಂಗಡಿಯಲ್ಲಿ ಇಬ್ಬರೇ ಗಿರಾಕಿಗಳು. ಕುರ್ಚಿಯಲ್ಲಿ ರಿಟೈರಾದ ಮೇಷ್ಟರು ಅಬು ಘಾಲಿಬ್, ಗಲ್ಲದ ತುಂಬ ನೊರೆ ಹಚ್ಚಿಸಿಕೊಂಡು. ಬೆಂಚಿನ ಮೇಲೆ ಯಝನ್ ಎಂಬ ಕಾಲೇಜು ಹುಡುಗ, ಪಟ್ಟಿಯ ಮೇಲೆ ಕಣ್ಣಿಟ್ಟುಕೊಂಡು.

“ಸುದ್ದಿ ಗೊತ್ತಾಯ್ತಾ?” ಎಂದರು ಅಬು ಘಾಲಿಬ್. “ನಮ್ಮ ಸಮೀಹಾ ಟೀಚರ್‌ಗೆ ಝರ್ಕಾದಿಂದ ಸಂಬಂಧ ಬಂದಿದೆ. ಎಂಜಿನಿಯರಂತೆ, ಹೆಂಡತಿ ತೀರ್ಕೊಂಡಿದಾಳೆ. ಶುಕ್ರವಾರ ಮಾತು ಕೊಡ್ತಾರಂತೆ.”

“ಒಳ್ಳೇದಾಗ್ಲಿ,” ಎಂದ ನೌಫಲ್. ಕತ್ತಿಯನ್ನು ಚರ್ಮದ ಪಟ್ಟಿಗೆ ತೀಡಿದ್ದೇ ತೀಡಿದ್ದು. ಎದೆಯೊಳಗೆ ಏನೋ ಜಾರಿ ಬಿದ್ದಂತಾಗಿತ್ತು. ಇಷ್ಟು ವರ್ಷವಾದರೂ ಜಾರಿ ಬೀಳುವುದಕ್ಕೆ ಅಲ್ಲಿ ಏನೋ ಉಳಿದಿತ್ತಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು.

ಯಝನನಿಗೆ ಈ ಸುದ್ದಿಯಲ್ಲಿ ಆಸಕ್ತಿ ಇರಲಿಲ್ಲ. ಕಸುಬುದಾರರನ್ನು ಕರೆಯುವಂತೆ ಅವನು ನೌಫಲನನ್ನು ‘ಮುಅಲ್ಲಿಮ್’, ಅಂದರೆ ಉಸ್ತಾದ್, ಎಂದೇ ಕರೆಯುತ್ತಿದ್ದ. “ಮುಅಲ್ಲಿಮ್, ‘ಮಂಜಿನ ಬಂದರು’ ಇಲ್ಲದ ಪಟ್ಟಿ ಪಟ್ಟೀನೇ ಅಲ್ಲ. ತಾಳಿ, ಈಗ್ಲೇ ಹಾಕ್ತೀನಿ. ಅದರಲ್ಲೇನು ಕಮ್ಮಿ ಅಂತ ನೀವೇ ತೋರಿಸಿ,” ಎಂದವನೇ ಫೋನಿನಿಂದ ಗೋಡೆಯ ಟೀವಿಗೆ ಹಚ್ಚಿಯೇಬಿಟ್ಟ. ಬೇಡ ಎಂದರೆ ಕಾರಣ ಹೇಳಬೇಕಾಗುತ್ತದೆ. ನೊರೆ ಹಚ್ಚಿದ ಗಲ್ಲವನ್ನು ಬಿಟ್ಟು ಎದ್ದು ಹೋಗುವಂತೆಯೂ ಇಲ್ಲ. ನೌಫಲ್ ಟೀವಿಗೆ ಬೆನ್ನು ಮಾಡಿ ಕೆಲಸ ಮುಂದುವರಿಸಿದ. ಕಣ್ಣನ್ನು ತಿರುಗಿಸಿಕೊಳ್ಳಬಹುದು, ಕಿವಿಯನ್ನು ಏನು ಮಾಡುವುದು? ಕಾರ್ಟೂನಿನವರು ಮಾತಾಡುವ ಆ ಪುಸ್ತಕದ ಭಾಷೆಯಲ್ಲಿ ದೀಪಸ್ತಂಭದ ಹುಡುಗನ ದನಿ ಅಂಗಡಿಯ ತುಂಬ ಮೊಳಗಿತು:

“ಅಂಜದಿರು, ಪ್ರಿಯ ಸೋದರಿ! ನಮ್ಮ ತಂದೆಯವರು ಹಿಂದಿರುಗುವ ತನಕ ನಾನು ನಿನ್ನನ್ನು ಕಾಯುವೆನು!”

ನೌಫಲನ ಕೈ ನಿಂತಿತು.

“ಏನಂದ ಅವನು?”

“ಯಾರು?”

“ಆ ಹುಡುಗ. ಅವಳನ್ನ ಏನಂತ ಕರೆದ?”

“ಸೋದರಿ ಅಂದ. ಅಣ್ಣ-ತಂಗಿ ಅಲ್ವಾ ಅವರಿಬ್ರೂ?” ಯಝನ್ ಕಣ್ಣರಳಿಸಿದ. “ಈ ಸಿನಿಮಾ ನೀವು ನೋಡೇ ಇಲ್ವಾ?”

“ನೋಡಿದೀನಿ. ಕೇಳಿಲ್ಲ.”

ಯಝನನಿಗೆ ಇದು ಅರ್ಥವಾಗಲಿಲ್ಲ. ಆದರೆ ತನಗೆ ಗೊತ್ತಿದ್ದದ್ದನ್ನು ಹೇಳುವ ಅವಕಾಶ ಸಿಕ್ಕಿದ ಖುಷಿಯಲ್ಲಿ ಶುರುಮಾಡಿದ. “ಇನ್ನೊಂದು ಗುಟ್ಟು ಹೇಳ್ಲಾ? ಅಸಲಿ ಚಿತ್ರದಲ್ಲಿ ಅವರು ಅಣ್ಣ-ತಂಗಿ ಅಲ್ವೇ ಅಲ್ಲ, ಪ್ರೇಮಿಗಳು. ಡಬ್ಬಿಂಗ್ ಮಾಡೋರು ಮಕ್ಕಳು ಕೆಟ್ಟುಹೋಗ್ತಾರೆ ಅಂತ ಮಾತು ಬದಲಾಯಿಸಿಬಿಟ್ರು. ಆಗೆಲ್ಲ ಹಂಗೇ ಮಾಡ್ತಿದ್ರು. ವೈನ್ ಇದ್ರೆ ದ್ರಾಕ್ಷಿ ಶರಬತ್ತು, ಸತ್ತೋರಿದ್ರೆ ಊರಿಗೆ ಹೋಗಿದಾರೆ.”

“ಓಹೋ!” ಅಬು ಘಾಲಿಬ್ ನೊರೆಯೊಳಗಿನಿಂದಲೇ ಕೂಗಿದರು. “ಅದಕ್ಕೇನಾ ಆ ಮುದಿ ನಾವಿಕ ಶರಬತ್ತು ಕುಡಿದು ಆ ಪಾಟಿ ತೂರಾಡ್ತಿದ್ದಿದ್ದು?”

ನೌಫಲ್ ನಗಲಿಲ್ಲ. ಸಮೀಹಾ ಆ ಸಿನಿಮಾವನ್ನು ಮನೆಯಲ್ಲಿ ಕೂತು ನೋಡಿದ್ದಳು, ಮಾತು ಕೇಳಿಸುವಂತೆ. ಹಾಗಾದರೆ ಅವನ ಚೀಟಿಯಲ್ಲಿ ಅವಳು ಓದಿದ್ದೇನು? ‘ನೀನು ನನ್ನ ತಂಗಿ.’ ಅದಕ್ಕೆ ಅವಳು ಕೊಟ್ಟ ಉತ್ತರ ನಿರಾಕರಣೆಯಾಗಿರಲಿಲ್ಲ. ಅವನೇ ಕೇಳಿದ್ದನ್ನು ಅವಳು ಮರ್ಯಾದೆಯಿಂದ ಕೊಟ್ಟಿದ್ದಳು. ಯಾವುದೋ ಊರಿನ ಸ್ಟುಡಿಯೋದಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಪೆನ್ನಿನಿಂದ ಒಂದು ಪದ ಹೊಡೆದುಹಾಕಿದ್ದಕ್ಕೆ ಇಲ್ಲಿ ಇಬ್ಬರ ಇಪ್ಪತ್ತನಾಲ್ಕು ವರ್ಷ ನೀರುಪಾಲಾಗಿತ್ತು. ಇದಕ್ಕೆ ಯಾರ ಮೇಲೆ ಸಿಟ್ಟು ಮಾಡುವುದು? ಸಿಟ್ಟಿಗಿಂತ ಹೆಚ್ಚಾಗಿ ಒಂದು ಪ್ರಶ್ನೆ ಅವನನ್ನು ಕೊರೆಯತೊಡಗಿತು. ಅವಳ ಮನಸ್ಸಿನಲ್ಲಿ ಆಗ ಏನಿತ್ತು?

ಅಬು ಘಾಲಿಬರ ಗಲ್ಲದಲ್ಲಿ ಒಂದು ಸಣ್ಣ ಗೀರು ಕಾಣಿಸಿಕೊಂಡಿತು. ನೌಫಲನ ಕೈಯಿಂದ ಗಿರಾಕಿಗೆ ರಕ್ತ ಬಂದದ್ದು ಅದೇ ಮೊದಲು. ಅದಕ್ಕೆ ಪಟಿಕ ಉಜ್ಜಿ, ಯಝನನಿಗೆ “ಸಂಜೆ ಬಾ” ಎಂದು ಹೇಳಿ, ಬಾಗಿಲೆಳೆದು ಮನೆಗೆ ಓಡಿದ.

ಹಜ್ ಯಾತ್ರೆ ಮಾಡಿ ‘ಹಜ್ಜಾ’ ಎನ್ನಿಸಿಕೊಂಡಿದ್ದ ಅವನ ತಾಯಿ ಹಜ್ಜಾ ವತ್ಫಾ ಅಡುಗೆಮನೆಯ ನೆಲದಲ್ಲಿ ಕೂತು ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತುತ್ತಿದ್ದಳು.

“ಅಮ್ಮಾ, ನೀನು ಸಮೀಹಾ ಮನೆಗೆ ಹೋಗ್ಬೇಕು.”

“ಯಾಕೋ, ಅವರಪ್ಪ ಹೋಗ್ಬಿಟ್ರಾ?”

“ಅಲ್ಲ. ಹೆಣ್ಣು ಕೇಳೋಕೆ.”

“ಯಾರಿಗೆ?”

“ನನಗೆ.”

ಹಜ್ಜಾ ವತ್ಫಾಳ ಕೈಯಲ್ಲಿದ್ದ ಎಲೆ ಅರ್ಧಕ್ಕೇ ಬಿಚ್ಚಿಕೊಂಡಿತು. “ಲೋ, ನಾನು ತೋರಿಸಿದ ಹುಡುಗೀರನ್ನೆಲ್ಲ ಮೂಗು ಉದ್ದ, ಮಾತು ಜಾಸ್ತಿ ಅಂತ ಓಡಿಸಿದೆ. ಈಗ ಅವಳಿಗೆ ಗಂಡು ಗೊತ್ತಾಗೋ ವಾರದಲ್ಲಿ ನಿನಗೆ ಜ್ಞಾನೋದಯ ಆಯ್ತಾ? ಇಷ್ಟು ವರ್ಷ ನಿನ್ನ ಬಾಯಿಗೇನು ಹಿಟ್ಟು ತುಂಬಿತ್ತಾ?”

ನೌಫಲ್ ಎಲ್ಲವನ್ನೂ ಹೇಳಿದ. ಗಾಜಿನ ಹಿಂದಿನ ಟೀವಿ, ಚೀಟಿ, ಅವಳ ಉತ್ತರ, ಇವತ್ತು ಕೇಳಿದ ಮಾತು. ಹೇಳುತ್ತ ಹೇಳುತ್ತ ಅವನ ದನಿ ಹದಿನೇಳರ ಹುಡುಗನದಾಯಿತು. ತಾಯಿ ಕಣ್ಣು ಮಿಟುಕಿಸದೆ ಕೇಳಿದಳು.

“ಅಂದ್ರೆ, ಒಂದು ಕಾರ್ಟೂನಿಗೋಸ್ಕರ ನಾನು ಇಷ್ಟು ವರ್ಷ ಮೊಮ್ಮಕ್ಕಳಿಲ್ದೆ ಕೂತಿದೀನಿ?”

“ಹೂಂ.”

“ಅಲ್ಲಾ, ನನಗೆ ತಾಳ್ಮೆ ಕೊಡಪ್ಪಾ! ಎದ್ದೇಳು, ನನ್ನ ಕರೀ ನಿಲುವಂಗಿ ಇಸ್ತ್ರಿ ಮಾಡು. ಸುಕ್ಕು ಹಾಕ್ಕೊಂಡು ಹೋದ್ರೆ ಯಾರು ಹೆಣ್ಣು ಕೊಡ್ತಾರೆ?”

ಸಂಜೆಯ ನಮಾಜಿಗೆ ಇನ್ನೂ ಹೊತ್ತಿರುವಾಗಲೇ ಅವಳು ಹೊರಟಳು. ಮನೆಯಲ್ಲಿ ಕೂರಲಾರದೆ ನೌಫಲ್ ಅಂಗಡಿ ತೆರೆದ. ಯಝನ್ ಬಂದು ಕೂತ. ಅವನ ತಲೆಗೆ ಸೋಪು ಹಚ್ಚಿದ್ದೇ ಹಚ್ಚಿದ್ದು, ತೊಳೆಯುವುದು ಮರೆತೇಹೋಯಿತು. “ಮುಅಲ್ಲಿಮ್, ಕಣ್ಣುರಿ,” ಎಂದು ಅವನು ಎರಡು ಸಲ ಹೇಳಿದ ಮೇಲೆ ನಲ್ಲಿಯ ನೆನಪು ಬಂತು. ಅಷ್ಟರಲ್ಲಿ ಬಾಗಿಲಲ್ಲಿ ಕರೀ ನಿಲುವಂಗಿ ಕಂಡಿತು. ಗಂಡಸರ ಕ್ಷೌರದಂಗಡಿಯೊಳಗೆ ಹೆಂಗಸರು ಕಾಲಿಡುವುದಿಲ್ಲ. ನೌಫಲ್ ಇದ್ದ ಹಾಗೇ ಫುಟ್‌ಪಾತಿಗೆ ಇಳಿದ.

“ಏನಂದ್ರು?”

“ಉಸಿರು ಬಿಡೋಕೆ ಬಿಡು. ಆ ಇಳಿಜಾರು ಹತ್ತಿ ಇಳಿದು ಮಂಡಿ ಬಿದ್ದೋಗಿದೆ.” ಹಜ್ಜಾ ವತ್ಫಾ ಗೋಡೆಗೊರಗಿದಳು. “ಕಾಫಿ ತಂದಿಟ್ರು. ನಾನು ಮುಟ್ಟಲಿಲ್ಲ.”

ಹೆಣ್ಣು ಕೇಳಲು ಹೋದವರು ಹೂಂ ಎನ್ನಿಸಿಕೊಳ್ಳುವ ತನಕ ಕಪ್ಪಿಗೆ ತುಟಿ ತಾಗಿಸುವುದಿಲ್ಲ. ಮುಟ್ಟದೆ ಇಟ್ಟ ಕಪ್ಪನ್ನು ನೋಡಿದರೆ ಸಾಕು, ಬಂದದ್ದು ಯಾಕೆ ಎಂದು ಮನೆಯವರಿಗೆಲ್ಲ ತಿಳಿದುಹೋಗುತ್ತದೆ.

“ಅವರಮ್ಮ ಮುಖ ಮುಖ ನೋಡಿದ್ಲು. ‘ಹಜ್ಜಾ, ಶುಕ್ರವಾರ ಝರ್ಕಾದವರು ಬರ್ತಾರೆ’ ಅಂದ್ಲು. ‘ಇನ್ನೂ ಮಾತು ಕೊಟ್ಟಿಲ್ಲ ತಾನೆ?’ ಅಂದೆ. ಆಗ ಸಮೀಹಾ ಒಳಗಿಂದ ಬಂದ್ಲು. ಚಿಕ್ಕಮ್ಮನ್ನ ಕರೆಯೋ ಹಾಗೆ ‘ಖಾಲಾ, ಕಾಫಿ ಆರ್ತಿದೆ’ ಅಂದ್ಲು. ಎಲ್ಲ ಹೇಳ್ಬಿಟ್ಟೆ. ನೀನು ಗಾಜಿನ ಹೊರಗೆ ನಿಂತು ಕಿವುಡನ ಹಾಗೆ ಸಿನಿಮಾ ನೋಡಿದ್ದೂ ಹೇಳ್ದೆ.”

“ನಕ್ಳಾ?”

“ನಗೋ ಮಾತೇನೋ ಅದು? ನೆಲದ ಮೇಲೆ ಕೂತ್ಕೊಂಡ್ಲು. ಆಮೇಲೆ ನನ್ನ ಹತ್ರ ಹೇಳಿದ್ಲು. ‘ಖಾಲಾ, ಆ ಹುಡುಗ ಅವಳ ಕೂದಲಿಂದ ಹಿಮ ಕೊಡವೋದು ನೋಡಿದಾಗ, ಯಾವ ಅಣ್ಣನೂ ತಂಗೀನ ಹಿಂಗೆ ನೋಡಲ್ಲ ಅಂತ ನನಗೆ ಅನ್ನಿಸಿತ್ತು. ಛೀ, ಅಣ್ಣ-ತಂಗೀಲೂ ಇದನ್ನೇ ಕಾಣ್ತೀನಲ್ಲ, ನನ್ನ ಮನಸ್ಸೇ ಹೊಲಸು ಅಂತ ನಾಚ್ಕೊಂಡೆ. ನೌಫಲನ ಚೀಟಿ ಬಂದಾಗ ಇನ್ನೂ ನಾಚಿಕೆ ಆಯ್ತು. ಅವನು ಅಷ್ಟು ಚೊಕ್ಕವಾಗಿ ತಂಗಿ ಅಂತಿದಾನೆ, ನಾನು ಏನೇನೋ ಆಸೆ ಇಟ್ಕೊಂಡಿದೀನಿ. ಆ ಆಸೆಗೆ ಬುದ್ಧಿ ಬರ್ಲಿ ಅಂತಲೇ ದಿನಾ ಅವನ ಅಂಗಡಿ ಮುಂದೆ ನಿಂತು ಅಣ್ಣ ಅಂತ ಕರೀತಿದ್ದೆ’ ಅಂದ್ಲು ಕಣೋ.”

ದಿನಾ ಸಂಜೆಯ ಆ ಸಲಾಂ ತನ್ನನ್ನು ದೂರ ಇಡಲಿಕ್ಕೆ ಎಂದೇ ನೌಫಲ್ ತಿಳಿದಿದ್ದ. ಅವಳು ಹಿಡಿದು ನಿಲ್ಲಿಸುತ್ತಿದ್ದದ್ದು ಅವನನ್ನಲ್ಲ, ತನ್ನನ್ನೇ.

“ಆಮೇಲೆ?”

“ಆಮೇಲೆ ಅವರಪ್ಪನ ಮುಖ ನೋಡಿದ್ಲು. ಮುದುಕ ಒಂದು ಸಲ ತಲೆ ಆಡಿಸ್ದ, ಆಗ್ಲಿ ಅಂತಾನೋ ಬೇಡ ಅಂತಾನೋ ನನಗೆ ತಿಳೀಲಿಲ್ಲ. ಅವಳು ಎದ್ದು ಆ ಆರಿದ ಕಪ್ ಎತ್ಕೊಂಡು ಒಳಗೆ ಹೋಗ್ಬಿಟ್ಲು. ಮುಗೀತು, ಇನ್ನು ಮರ್ಯಾದೆಯಾಗಿ ಎದ್ದು ಹೋಗೋದೇ ಅಂತ ನಾನು ಚಪ್ಪಲಿ ಹುಡುಕ್ತಿದ್ದೆ. ಅಷ್ಟೊತ್ತಿಗೆ ಬಿಸಿ ಬಿಸಿ ಬೇರೆ ಕಾಫಿ ಮಾಡ್ಕೊಂಡು ಬಂದ್ಲು. ಮೇಜಿನ ಮೇಲೆ ಇಡಲಿಲ್ಲ, ನನ್ನ ಕೈಗೇ ಕೊಟ್ಲು. ‘ಕುಡೀರಿ ಖಾಲಾ’ ಅಂದ್ಲು.”

“ಕುಡಿದ್ಯಾ?”

“ಡಾಕ್ಟರು ಕಾಫಿ ಮುಟ್ಟಬೇಡ ಅಂದಿದಾರೆ. ಬೀಪಿ ಅದೆಲ್ಲಿಗೆ ಏರಿದ್ಯೋ ಏನೋ.” ಹಜ್ಜಾ ವತ್ಫಾ ಮಗನ ಮುಖವನ್ನೇ ನೋಡುತ್ತ ಹೇಳಿದಳು. “ಎರಡು ಕಪ್ ಕುಡಿದು ಬಂದೆ.”

ನೌಫಲ್ ಹಾದುಹೋಗುವ ಜನರ ನಡುವೆಯೇ ಫುಟ್‌ಪಾತಿನ ಮೇಲೆ ಕೂತುಬಿಟ್ಟ. ಎರಡು ಕೈಗೂ ಸೋಪಿನ ನೊರೆ ಮೆತ್ತಿಕೊಂಡಿದ್ದರಿಂದ ಕಣ್ಣೊರೆಸಿಕೊಳ್ಳಲು ಆಗಲಿಲ್ಲ. ತಾಯಿಯೇ ಬಗ್ಗಿ ನಿಲುವಂಗಿಯ ತುದಿಯಿಂದ ಒರೆಸಿದಳು.