ಮುಟ್ಟಿನ ನೋವಿಗೆ ತರೀಕೆರೆಗೆ ಹೋದದ್ದು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಜ್ಜಂಪುರದ ಹೈಸ್ಕೂಲಿನಲ್ಲಿ ಹತ್ತನೇ ತರಗತಿ ಓದುತ್ತಿದ್ದೆ. ಮುಟ್ಟಾದ ಮೊದಲ ದಿನ ಎಲ್ಲೂ ನಿಲ್ಲಲಾಗುತ್ತಿರಲಿಲ್ಲ. ಮಲಗಿದರೆ ಎದ್ದು ಓಡಾಡಬೇಕೆನ್ನಿಸುತ್ತಿತ್ತು, ಓಡಾಡಿದರೆ ತೊಡೆ ಸೆಳೆಯುತ್ತಿತ್ತು. ಒಗೆಯುವ ಕಲ್ಲಿನ ಮೇಲೆ ಕೂತು, ಎದ್ದು, ಹಿತ್ತಿಲ ಬೇಲಿಯ ತನಕ ಹೋಗಿ, ವಾಂತಿ ಮಾಡಿಕೊಂಡು ಮತ್ತೆ ಬರುತ್ತಿದ್ದೆ.

ಪಕ್ಕದ ಮನೆಯಲ್ಲಿ ನನ್ನ ಓರಗೆಯವಳೊಬ್ಬಳು ಮುಟ್ಟಾದಾಗ ಹೊರಗೆ ಕೂರುತ್ತಿದ್ದಳು. ನಮ್ಮದು ಲಿಂಗ ಕಟ್ಟಿದ ಮನೆ, ಮೈಲಿಗೆ ಎಂಬುದಿಲ್ಲ. ಹಾಗಾಗಿ ಬಿಡುವೂ ಇಲ್ಲ. ರೊಟ್ಟಿ ತಟ್ಟಬೇಕು, ಕೊಟ್ಟಿಗೆ ಗುಡಿಸಬೇಕು. ಸುಮ್ಮನೆ ಮಲಗಿರುವ ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳಿಗೋ ನನ್ನಂತೆ ಮನೆಯೊಳಗೆ ಓಡಾಡುವ ಆಸೆ.

ಅವ್ವ ಮೆಂತ್ಯ ನುಂಗಿಸುತ್ತಿದ್ದಳು, ಇಟ್ಟಿಗೆ ಬಿಸಿ ಮಾಡಿ ಬಟ್ಟೆ ಸುತ್ತಿ ಕೊಡುತ್ತಿದ್ದಳು. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎನ್ನುವುದು ಅಜ್ಜಿಯ ಮಾತು. ಪ್ರಿಪರೇಟರಿ ಪರೀಕ್ಷೆಯಲ್ಲಿ ಅರ್ಧ ಖಾಲಿ ಉತ್ತರಪತ್ರಿಕೆ ಕೊಟ್ಟು ಎದ್ದು ಬಂದ ಮೇಲೆ ಅವ್ವ ತಡಮಾಡಲಿಲ್ಲ. ಬಟ್ಟೆ ತರುತ್ತೇವೆಂದು ಅಪ್ಪನಿಗೆ ಹೇಳಿ ನನ್ನನ್ನು ಕರೆದುಕೊಂಡು ತರೀಕೆರೆ ಬಸ್ಸು ಹತ್ತಿದಳು.

ಅಲ್ಲಿನ ಲೇಡಿ ಡಾಕ್ಟರು ನೋವು ಯಾವಾಗ ಶುರುವಾಗುತ್ತದೆ, ಎಷ್ಟು ಹೊತ್ತಿರುತ್ತದೆ ಎಂದೆಲ್ಲ ಕೇಳಿದರು. ಗರ್ಭಕೋಶ ತನ್ನ ಒಳಪದರವನ್ನು ಹೊರಹಾಕಲು ಹಿಂಡಿಕೊಳ್ಳುತ್ತದೆ, ಕೆಲವರಲ್ಲಿ ಅದು ಜೋರಾಗಿರುತ್ತದೆ, ಅಷ್ಟೇ ಎಂದರು. ನೋವು ಏರುವ ತನಕ ಕಾಯದೆ ಶುರುವಾಗುತ್ತಲೇ ಊಟ ಮಾಡಿ ಮಾತ್ರೆ ತಗೋ, ಬಿಸಿ ಶಾಖ ಕೊಡು, ನಡೆದರೆ ಹಿತವೆನಿಸಿದರೆ ನಡೆ ಎಂದರು. ನಾನೇನೋ ತಪ್ಪು ಮಾಡಿ ಬಂದ ನೋವಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ.

ಏಳುವಾಗ ಅವ್ವ ತಲೆ ತಗ್ಗಿಸಿ ಕೇಳಿದಳು: "ನನ್ನ ವಯಸ್ಸಿನೋರ್ಗೂ ಹಿಂಗಾಗುತ್ತಾ?"

"ಯಾವಾಗಿಂದ?"

"ಹೋದ ದೀಪಾವಳಿಯಿಂದ. ಮೊದ್ಲು ಇರ್ಲಿಲ್ಲ. ಈಗ ಬಟ್ಟೇಲಿ ನಿಲ್ದಂಗೆ ಹೋಗುತ್ತೆ."

ಡಾಕ್ಟರು ನನ್ನನ್ನು ಹೊರಗೆ ಕಳಿಸಿದರು. ಬೆಂಚಿನಲ್ಲಿ ಕೂರಲಾಗದೆ ಗೇಟಿನ ತನಕ ಹೋಗುವುದು, ಬರುವುದು ಮಾಡಿದೆ. ಅಷ್ಟು ತಿಂಗಳು ನನಗೆ ಇಟ್ಟಿಗೆ ಬಿಸಿ ಮಾಡಿ ಕೊಡುತ್ತಿದ್ದವಳು ತನಗೊಂದೂ ಇಟ್ಟುಕೊಂಡಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಹೇಳಿದಳು. "ಒಳಗೆ ಗಡ್ಡೆ ಇರ್ಬೋದಂತೆ ಕಣೇ. ನಿಂದು ದೊಡ್ಡೋಳಾದಾಗಿಂದ ಇರೋ ನೋವು. ಇಷ್ಟು ವಯಸ್ಸಾದ್ಮೇಲೆ ಹೊಸದಾಗಿ ಬಂದ್ರೆ ಸುಮ್ನಿರ್ಬಾರ್ದಂತೆ."

ಬಟ್ಟೆಯಿಲ್ಲದೆ ಮನೆಗೆ ಬಂದವರನ್ನು ಅಪ್ಪ ಪ್ರಶ್ನಿಸಿದಾಗ ಅವ್ವ ಸುಳ್ಳು ಮುಂದುವರಿಸಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವಳಿಗೆ ಆಪರೇಷನ್ ಆಯಿತು, ಗಡ್ಡೆ ಕೆಟ್ಟದ್ದಾಗಿರಲಿಲ್ಲ. ನನ್ನ ನೋವು ಪೂರ್ತಿ ಹೋಗಲಿಲ್ಲ. ಆದರೆ ಮಾತ್ರೆ ನುಂಗಿ ಪರೀಕ್ಷೆ ಬರೆಯುವಷ್ಟು ತಗ್ಗಿತು.

ಅವ್ವ ಚೇತರಿಸಿಕೊಳ್ಳುವಾಗ ಸಿಂಗಟಗೆರೆಯಿಂದ ಚಿಕ್ಕಮ್ಮ ನೋಡಲು ಬಂದಳು. ಏನಾಗಿತ್ತೆಂದು ಕೇಳುವ ಮೊದಲು, ಹೋಗಿ ಕಾಫಿಗೆ ಇಡು ಎಂದು ನನಗೆ ಕಣ್ಣುಸನ್ನೆ ಮಾಡಿದಳು. ಅವ್ವ ನನ್ನ ಕೈ ಹಿಡಿದು ಕೂರಿಸಿದಳು.

"ಅವಳು ಇಲ್ಲೇ ಇರ್ಲಿ. ಕೇಳಿಸ್ಕೊಳ್ಳಲಿ" ಎಂದಳು.