ಜಗಲಿಯ ಬಲ್ಬು

ಆ ಬೀದಿಯಲ್ಲಿ ಅವಳನ್ನು ಸ್ವಿಚ್ಚಮ್ಮ ಎಂದೇ ಕರೆಯುತ್ತಾರೆ. ಗಾಳಿಮಳೆ ಜೋರಾಗಿ ಕರೆಂಟು ಹೋಯಿತೆಂದರೆ ಸಾಕು, ಕೊಡೆ ಹಿಡಿದು ಹೊರಟೇಬಿಡುತ್ತಾಳೆ. ಎಲ್ಲಿ ಜನರೇಟರಿನ ಸದ್ದು ಕೇಳುತ್ತದೋ ಆ ಮನೆಯ ಬಾಗಿಲು ಬಡಿದು, “ಮೇನ್ ಆಫ್ ಮಾಡಿದ್ದೀರಾ? ಎಲ್ಲಿ, ತೋರಿಸಿ” ಎನ್ನುತ್ತಾಳೆ. “ಮಾಡಿದ್ದೀವಿ ಕಣಮ್ಮ” ಎಂದರೆ ನಂಬುವ ಪೈಕಿಯಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಸ್ವಿಚ್ಚಿನ ಹಿಡಿ ಕೆಳಗಿರುವುದನ್ನು ಕಣ್ಣಾರೆ ಕಂಡ ಮೇಲೇ ಮುಂದಿನ ಮನೆ. ಹೊಸದಾಗಿ ಬಂದ ಬಾಡಿಗೆಯವರು, “ಈಯಮ್ಮನಿಗೆ ಬೇರೆ ಕೆಲಸ ಇಲ್ವಾ?” ಎಂದು ಮೂಗು ಮುರಿಯುತ್ತಾರೆ. ಹಳಬರು ತುಟಿಪಿಟಕ್ಕೆನ್ನದೆ ಬಾಗಿಲು ತೆಗೆಯುತ್ತಾರೆ. ನಗುವವರು ನಗಲಿ, ಆದರೆ ಕಥೆ ಕೇಳಿ ಆಮೇಲೆ ನಗಲಿ.

ಇವಳೂ ಒಂದು ಕಾಲದಲ್ಲಿ ಬೀದಿಯನ್ನೆಲ್ಲ ನಗಿಸುತ್ತಿದ್ದವಳೇ. ಲೈನ್‌ಮನ್ನನ ಹೆಂಡತಿ. ಜಗಲಿಯ ಮೇಲೆ ಹೊಲಿಗೆ ಮೆಷಿನ್ನು ಇಟ್ಟುಕೊಂಡು ಶಾಲೆ ಮಕ್ಕಳ ಬಟ್ಟೆ ಹೊಲಿಯುತ್ತಿದ್ದಳು. ಅದೂ ಕಾಲಲ್ಲಿ ತುಳಿಯುವ ಮೆಷಿನ್ನು. ಮೋಟಾರು ಹಾಕಿಸಿಕೋ ಎಂದು ಯಾರಾದರೂ ಹೇಳಿದರೆ, “ಕರೆಂಟನ್ನ ನಂಬಬೇಡ ಅಂತ ಲೈನ್‌ಮನ್ ಹೆಂಡತೀಗೇ ಹೇಳಿಕೊಡ್ಬೇಕಾ?” ಎಂದು ತಿರುಗಿ ಕೇಳುತ್ತಿದ್ದಳು. ಗಂಡ ಇವಳಿಗೆ ತದ್ವಿರುದ್ಧ. ಸಣ್ಣ ಆಳು, ಮಾತು ಅಳೆದು ತೂಗಿ ಒಂದೋ ಎರಡೋ. ಆ ಬಡಾವಣೆಯ ಕಂಬ, ತಂತಿ ಎಲ್ಲಾ ಅವನ ಸುಪರ್ದಿಗೆ ಸೇರಿದ್ದವು.

ಅವನದೊಂದು ನಿಯಮವಿತ್ತು. ಕಂಬ ಹತ್ತುವ ಮುಂಚೆ ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆಯಿಂದ ಮೂರು ಪಿಂಗಾಣಿ ಫ್ಯೂಸುಗಳನ್ನೂ ಕಿತ್ತು, ಕರ್ಚೀಫಿನಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಳ್ಳುವುದು. ಜೊತೆಗಾರನ ಕೈಗೂ ಕೊಡುತ್ತಿರಲಿಲ್ಲ. “ನನ್ನ ಪ್ರಾಣ ನನ್ನ ಜೇಬಲ್ಲೇ ಇರ್ಬೇಕು ಕಣೇ” ಎನ್ನುತ್ತಿದ್ದ. ಆ ಭಾರಕ್ಕೆ ಜೇಬು ಹರಿದು ಹರಿದು ಬರುತ್ತಿತ್ತು. ಇವಳು ಬೈದುಕೊಂಡೇ ಅವನ ಎಲ್ಲ ಅಂಗಿಗಳಿಗೂ ಎರಡು ಪದರದ ಜೇಬು ಹೊಲಿದು, ಮೇಲೊಂದು ದಪ್ಪ ಗುಂಡಿ ಇಟ್ಟಳು.

ಮದುವೆಯಾದ ವರ್ಷವೇ ಒಂದು ದೊಡ್ಡ ಬಿರುಗಾಳಿ ಬಂದಿತ್ತು. ಹೋದ ಗಂಡ ಎಷ್ಟು ಹೊತ್ತಾದರೂ ಬರಲಿಲ್ಲ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದು, ಅವನು ಬಂದಾಗ ಅತ್ತು ರಂಪ ಮಾಡಿದಳು. ಅವನು ಜಗಲಿಯ ಬಲ್ಬು ತೋರಿಸಿ ಹೇಳಿದ: “ಅದು ಹತ್ತಿದ್ರೆ ನಾನು ಇಳಿದೆ ಅಂತ ತಿಳ್ಕೋ. ಫ್ಯೂಸ್ ನನ್ನ ಜೇಬಲ್ಲಿರುತ್ತೆ. ನಾನು ಇಳಿದು ಬಂದು ಹಾಕದೆ ಅದು ಹತ್ತೋ ಹಾಗೇ ಇಲ್ಲ.” ಅಂದಿನಿಂದ ಕರೆಂಟು ಹೋದಾಗಲೆಲ್ಲ ಆ ಬಲ್ಬಿನ ಸ್ವಿಚ್ಚು ಹಾಕೇ ಇರುತ್ತಿತ್ತು. ಬಲ್ಬು ಹತ್ತಿದ ಕೂಡಲೇ ಅವಳು, “ಇಳಿದ್ರು!” ಎಂದು ಒಲೆಯ ಮೇಲೆ ಟೀಗೆ ನೀರಿಡುತ್ತಿದ್ದಳು. ಬೇರೆಯವರು ಕರೆಂಟು ಬಂತು ಎನ್ನುವ ಕಡೆ ಇವಳು ಇಳಿದರು ಎನ್ನುವುದನ್ನು ಕೇಳಿ ಬೀದಿ ನಗುತ್ತಿತ್ತು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಬಲ್ಬು ಒಂದು ಸಲವೂ ಸುಳ್ಳು ಹೇಳಲಿಲ್ಲ.

ಆ ವರ್ಷದ ಗಾಳಿ ಮಾತ್ರ ಯಾರೂ ಕಂಡು ಕೇಳಿದ್ದಲ್ಲ. ತಗಡಿನ ಮಾಡುಗಳು ಹಾರಿ ಪಕ್ಕದ ಬೀದಿಗೆ ಬಿದ್ದವು. ಮರಗಳು ಬುಡಸಮೇತ ಮಗುಚಿ ಕಂಬಗಳನ್ನು ಎಳೆದುಕೊಂಡು ಮಲಗಿದವು. ಮೂರು ದಿನ ಕರೆಂಟಿಲ್ಲ, ಹಾಗಾಗಿ ನಲ್ಲಿಯಲ್ಲಿ ನೀರೂ ಇಲ್ಲ. ಇಡೀ ಬೀದಿಗೆ ಕೊಳವೆಬಾವಿ ಇದ್ದದ್ದು ಇವರ ಹಿತ್ತಲಲ್ಲಿ ಮಾತ್ರ. ಜನ ಖಾಲಿ ಕೊಡ ಹಿಡಿದು ಬಂದು ಸುಮ್ಮನೆ ಇವಳ ಮುಖ ನೋಡುತ್ತ ನಿಂತರು.

ಅವಳ ತಮ್ಮನದು ಮೈಕ್‌ಸೆಟ್ ಅಂಗಡಿ. ಅಕ್ಕ ಹೇಳಿಕಳಿಸಿದ್ದೇ ತಡ, ಅಂಗಡಿಯ ಸಣ್ಣ ಜನರೇಟರನ್ನು ತಳ್ಳುಗಾಡಿಯಲ್ಲಿ ತಂದು ಹಿತ್ತಲಲ್ಲಿ ಇಳಿಸಿದ. ಜಗಲಿಯ ಗೋಡೆಯಲ್ಲಿ ಎರಡು ಮೇನ್ ಸ್ವಿಚ್ಚುಗಳಿದ್ದವು, ಒಂದು ಮನೆಯದು, ಒಂದು ಪಂಪಿನದು. ತಮ್ಮ ಪಂಪಿನ ಮನೆಯ ಪ್ಲಗ್ಗಿಗೆ ಜನರೇಟರಿನ ವೈರು ಚುಚ್ಚಿ, “ಅಕ್ಕಾ, ಮೊದಲು ಪಂಪಿನ ಸ್ವಿಚ್ ಕೆಳಗಿಳಿಸು, ಆಮೇಲೆ ಜನರೇಟರ್ ಹಗ್ಗ ಎಳಿ. ಮರೀಬೇಡ” ಎಂದ. ನಾಲ್ಕನೆಯ ದಿನ ಬೆಳಿಗ್ಗೆ ಗಂಡ ನಿದ್ದೆಗೆಟ್ಟು ಕಣ್ಣು ಕೆಂಪಾಗಿಸಿಕೊಂಡು ಬಂದವನು ನಿಂತೇ ಟೀ ಕುಡಿದು, ಆ ಸ್ವಿಚ್ಚನ್ನು ತಾನೂ ನೋಡಿದ. “ಇದು ಮೇಲಿದ್ರೆ ನಿನ್ನ ಜನರೇಟರ್ ಕರೆಂಟು ಬೀದಿ ತಂತಿಗೆ ಹೋಗುತ್ತೆ ಗೊತ್ತಾ?” ಎಂದ.

“ಗೊತ್ತು ರೀ. ಇಪ್ಪತ್ತೆರಡು ವರ್ಷ ನಿಮ್ಮ ಜೊತೆ ಏನು ಕತ್ತೆ ಕಾದೆನಾ?”

“ನೀನಿದ್ದೀಯಲ್ಲ, ಸರಿ ಬಿಡು” ಎಂದು ನಕ್ಕ. ಮಧ್ಯಾಹ್ನದ ಹೊತ್ತಿಗೆ ಅವರದೇ ಬೀದಿಯ ಕೆಲಸವಿತ್ತು. ತಂತಿಗೆ ಕರೆಂಟು ಕೊಟ್ಟಾಗ ಟಿ.ವಿ., ಫ್ರಿಜ್ಜು ಸುಡಬಾರದೆಂದು ಬೀದಿಯ ಉಳಿದ ಎಲ್ಲ ಮನೆಯವರಿಗೂ ಮೇನ್ ಆಫ್ ಮಾಡಿಡಲು ಹೇಳಿ ಹೋದ. ಇವಳ ಮನೆಯ ಮೇನ್ ಮಾತ್ರ ಜಗಲಿಯ ಬಲ್ಬಿಗೆಂದು ಮೇಲೇ ಇತ್ತು. ಅವನ ಬಾಯಿಂದ ಅವಳು ಕೇಳಿದ ಕೊನೆಯ ಮಾತು, ನೀನಿದ್ದೀಯಲ್ಲ ಎನ್ನುವುದು.

ಅವಳಿಗೆ ತಿಳಿದಿರಲಿಲ್ಲ ಎನ್ನುವ ಹಾಗಿಲ್ಲ. ಅದೇ ಅವಳನ್ನು ತಿನ್ನುವುದು. ಬೆಳಗಿನ ಸರದಿ ಮುಗಿದ ಮೇಲೆ ಜನರೇಟರ್ ನಿಲ್ಲಿಸಿ, ಪಂಪಿನ ಸ್ವಿಚ್ಚನ್ನು ಮೇಲೆ ಮಾಡಿದಳು. ನಿಜವಾದ ಕರೆಂಟು ಬಂದ ಕ್ಷಣವೇ ಪಂಪು ತಾನಾಗಿ ಓಡಲಿ, ಜನಕ್ಕೆ ನೀರು ಬೇಗ ಸಿಗಲಿ ಎಂದು. ಒಳ್ಳೆಯದಕ್ಕೇ ಮಾಡಿದ್ದು. ಮೂರು ಗಂಟೆಯಾದರೂ ಕರೆಂಟು ಬರಲಿಲ್ಲ. ಮತ್ತೆ ಕೊಡಗಳ ಸಾಲು ಬೆಳೆಯಿತು. ಇಬ್ಬರು ಹೆಂಗಸರು ನಾನು ಮೊದಲು ತಾನು ಮೊದಲು ಎಂದು ಜಗಳ ತೆಗೆದರು. ಒಬ್ಬಳು ಇನ್ನೊಬ್ಬಳ ಕೊಡವನ್ನು ಎತ್ತಿ ಬಿಸಾಡಿದಳು. ಇವಳು ನಡುವೆ ಹೋಗಿ ಇಬ್ಬರನ್ನೂ ಗದರಿ, ಬೇರೆ ಮಾಡಿ, “ಇರ್ರೇ, ಎಲ್ಲರಿಗೂ ಬಿಡ್ತೀನಿ” ಎಂದು ಹಿತ್ತಲಿಗೆ ಓಡಿ, ಹಗ್ಗ ಎಳೆದಳು. ಸ್ವಿಚ್ಚು ನೆನಪಾಗಲೇ ಇಲ್ಲ.

ಜನರೇಟರ್ ಗುಡುಗುಟ್ಟಿತು. ಅವಳು ಜಗಲಿಗೆ ಬರುವಷ್ಟರಲ್ಲಿ ಬಲ್ಬು ಹತ್ತಿತ್ತು.

“ಇಳಿದ್ರು!” ಎಂದು ಕೂಗಿದಳು. “ನೋಡ್ರೇ, ನಮ್ಮೆಜಮಾನ್ರು ಇಳಿದ್ರು!” ನಾಲ್ಕು ದಿನದ ಕತ್ತಲು ಕಂಡ ಜನ ಚಪ್ಪಾಳೆ ತಟ್ಟಿದರು. ಜಗಳವಾಡಿದ ಹೆಂಗಸರೂ ನಕ್ಕರು. ಅಷ್ಟರಲ್ಲಿ ಹಿತ್ತಲಲ್ಲಿ ಜನರೇಟರ್ ನರಳಿ ನಿಂತಿತು, ಬಲ್ಬೂ ಆರಿತು. “ಮೊದಮೊದಲು ಹೀಗೇ, ಬಂದು ಹೋಗಿ ಮಾಡುತ್ತೆ” ಎಂದು ಎಲ್ಲ ಬಲ್ಲವಳಂತೆ ಸಮಾಧಾನ ಹೇಳಿ, ಟೀಗೆ ನೀರಿಡಲು ಒಳಗೆ ಹೋದಳು.

ನೀರು ಕುದಿಯುವ ಮುಂಚೆ ಏಣಿ ಓಡಿ ಬಂದ. ಉದ್ದ ಆಳು, ಹಾಗಾಗಿ ಅವನಿಗೆ ಆ ಹೆಸರು. ಗಂಡನ ಹದಿನೈದು ವರ್ಷದ ಜೊತೆಗಾರ. ಕಾಲಲ್ಲಿ ಚಪ್ಪಲಿ ಇರಲಿಲ್ಲ. “ಅತ್ತಿಗೆ…” ಎಂದವನು ಬಾಗಿಲ ಚೌಕಟ್ಟು ಹಿಡಿದು ಕುಸಿದ. ಬೀದಿಯ ಮೂಲೆಯ ಕಂಬದ ಕೆಳಗೆ ಗಂಡ ಬಿದ್ದಿದ್ದ. ಇವಳು ಹೋಗಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಆಸ್ಪತ್ರೆಯವರು ಅವನ ಅಂಗಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಮನೆಗೆ ತಂದು ಬಿಚ್ಚಿದಳು. ಅವಳೇ ಹೊಲಿದ ಜೇಬು ಹರಿದಿರಲಿಲ್ಲ, ಗುಂಡಿ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗೆ ಕರ್ಚೀಫು, ಕರ್ಚೀಫಿನಲ್ಲಿ ಮೂರು ಫ್ಯೂಸುಗಳು. ಫ್ಯೂಸು ಇಲ್ಲಿದ್ದರೆ ಬಲ್ಬು ಹತ್ತಿದ್ದು ಯಾವ ಕರೆಂಟಿನಿಂದ? ಎದ್ದು ಜಗಲಿಗೆ ಹೋಗಿ ನೋಡಿದಳು. ಪಂಪಿನ ಸ್ವಿಚ್ಚಿನ ಹಿಡಿ ಮೇಲಿತ್ತು. ಮೆಷಿನ್ನಿನ ಪಕ್ಕ ನೆಲದ ಮೇಲೆ ಕುಳಿತವಳು ಅಳಲಿಲ್ಲ. ಅಳುವ ಹಕ್ಕೂ ತನಗಿಲ್ಲ ಅನಿಸಿತ್ತು.

ತಮ್ಮನಿಗೆ ಹೇಳಿದಳು. ಅವನು ಬಿಳಿಚಿಕೊಂಡ. ಅಂದೇ ಜನರೇಟರನ್ನು ಅಂಗಡಿಗೆ ಸಾಗಿಸಿ, ಅಕ್ಕನ ಕೈ ಹಿಡಿದುಕೊಂಡ. “ಯಾರ ಹತ್ರಾನೂ ಬಾಯಿ ಬಿಡಬೇಡ ಅಕ್ಕಾ. ಹೋದ ಭಾವ ವಾಪಸ್ ಬರ್ತಾರಾ?” ಮಾತೇನೋ ಸರಿಯೇ. ಆದರೆ ಗಂಡ ಹೋದ ಐದನೆಯ ದಿನ ಕಚೇರಿಯ ಸಾಹೇಬರು ವಿಚಾರಣೆಗೆ ಬಂದು ಅದೇ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡರು. ಎದುರಿಗೆ ತಲೆ ತಗ್ಗಿಸಿ ನಿಂತವನು ಏಣಿ.

“ಟ್ರಾನ್ಸ್‌ಫಾರ್ಮರ್ ಹತ್ರ ನಿಂತಿದ್ದವನು ನೀನು. ನಿನ್ನ ಚೀಲದಲ್ಲಿ ಬೇರೆ ಫ್ಯೂಸ್ ಇದ್ವು. ಈ ಬಲ್ಬು ಹತ್ತಿದ್ದನ್ನ ಇಪ್ಪತ್ತು ಜನ ನೋಡಿದ್ದಾರೆ. ನೀನು ಹಾಕದೆ ಅದು ಹೇಗಪ್ಪಾ ಹತ್ತಿತು?”

“ನಾನು ಹಾಕಿಲ್ಲ ಸಾರ್. ಅಣ್ಣನ ಮೇಲಾಣೆ, ನಾನು ಮುಟ್ಟೇ ಇಲ್ಲ” ಎಂದು ಅವನು ಹೇಳಿದ್ದನ್ನೇ ಹೇಳುತ್ತಿದ್ದ. ಅಷ್ಟು ಉದ್ದದ ಆಳು ಗಿಡ್ಡವಾಗಿ ಕಾಣುತ್ತಿದ್ದ. ಬೀದಿಯವರು ಸುತ್ತ ನಿಂತು ಅವನನ್ನೇ ದುರುಗುಟ್ಟಿ ನೋಡುತ್ತಿದ್ದರು. ಬಲ್ಬಿಗೂ ಜನರೇಟರಿಗೂ ನಂಟಿರಬಹುದೆಂದು ಅವರಿಗೆ ಹೊಳೆದಿರಲಿಲ್ಲ. ತಮ್ಮ ಬಾಗಿಲ ಹಿಂದಿನಿಂದ ಅಕ್ಕನಿಗೆ ಬೇಡ ಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದ. ಸುಮ್ಮನಿದ್ದರೆ ಬೀದಿಯ ಅನುಕಂಪ ಅವಳದು, ಗಂಡ ಸತ್ತ ಪಾಪದ ಹೆಂಗಸು. ಬಾಯಿ ಬಿಟ್ಟರೆ ಗಂಡನನ್ನು ಕೊಂದವಳು.

ಎದ್ದು ಹೋಗಿ ಪಂಪಿನ ಸ್ವಿಚ್ಚಿನ ಮೇಲೆ ಕೈಯಿಟ್ಟಳು.

“ಅವನನ್ನ ಬಿಡಿ ಸಾರ್. ಕರೆಂಟು ಹೋಗಿದ್ದು ಇಲ್ಲಿಂದ. ಜನರೇಟರ್ ಹಗ್ಗ ಎಳೆದವಳು ನಾನು. ಇದನ್ನ ಕೆಳಗಿಳಿಸೋಕೆ ಮರೆತವಳೂ ನಾನೇ. ಬೆಳಿಗ್ಗೆ ಇವರು ಹೇಳೇ ಹೋಗಿದ್ರು.” ದನಿ ಅಲ್ಲಿಯವರೆಗೆ ಗಟ್ಟಿಯಾಗಿತ್ತು. “ಅವರು ಸಾಯೋ ಹೊತ್ತಲ್ಲಿ ನಾನು ಇಳಿದ್ರು ಅಂತ ಕೂಗಿದೆ ಸಾರ್. ಎಲ್ಲರ ಕೈಲೂ ಚಪ್ಪಾಳೆ ಹೊಡೆಸಿದೆ.”

ಸಾಹೇಬರು ಪೆನ್ನು ಮುಚ್ಚಿದರು. ಏಣಿ ಅವಳ ಹತ್ತಿರ ಬಂದು ಆ ಸ್ವಿಚ್ಚನ್ನು ಕೆಳಗಿಳಿಸಿ, ಅವಳ ಕೈಯನ್ನು ಅದರಿಂದ ಬಿಡಿಸಿದ. ಆಗ ಅವಳು ಅತ್ತಳು, ಐದು ದಿನದ್ದನ್ನೂ ಒಟ್ಟಿಗೆ. ಕೆಲವರು ಅವಳ ಮನೆಯ ನೀರು ಕುಡಿಯುವುದನ್ನು ಬಿಟ್ಟರು. ಕೊಡ ಎಸೆದ ಹೆಂಗಸು ಮಾತ್ರ ಮಾರನೆಯ ದಿನ ಬಂದು, “ಜಗಳ ಆಡಿದವಳು ನಾನಲ್ವೇನಕ್ಕಾ” ಎಂದು ಕಾಲ ಹತ್ತಿರ ಕುಳಿತಳು.

ಬಲ್ಬನ್ನು ಅವಳು ಅಂದೇ ಬಿಚ್ಚಿಟ್ಟಳು. ಹೋಲ್ಡರ್ ಈಗಲೂ ಬರಿದು. ಹೊಲಿಗೆಯನ್ನು ಹಗಲಲ್ಲೇ ಮುಗಿಸುತ್ತಾಳೆ. ಮುಂದಿನ ಗಾಳಿಗೆ ಕರೆಂಟು ಹೋದಾಗ ಮನೆ ಮನೆ ತಿರುಗಿ ಸ್ವಿಚ್ಚು ನೋಡಿ ಬಂದು ಜಗಲಿಯಲ್ಲಿ ಕುಳಿತಿದ್ದಳು. ಎದುರು ಮನೆಯಲ್ಲಿ ದೀಪ ಹತ್ತಿತು. ಅವಳು ಅತ್ತ ತಿರುಗಿಯೂ ನೋಡಲಿಲ್ಲ, ಏಳಲೂ ಇಲ್ಲ. ಸ್ವಲ್ಪ ಹೊತ್ತಿಗೆ ಏಣಿ ಕೈಯ ಮಸಿ ಒರೆಸಿಕೊಳ್ಳುತ್ತ ಬಂದು ಗೇಟಿನ ಬಳಿ ನಿಂತು, “ಅತ್ತಿಗೆ, ಇಳಿದೆ” ಎಂದ. ಅದೊಂದು ವಾಡಿಕೆಯೇ ಆಯಿತು. ಏಣಿಗೆ ವರ್ಗವಾದ ಮೇಲೂ, ಆ ಬೀದಿಯಲ್ಲಿ ಕಂಬ ಹತ್ತಿದವರು ಇಳಿದ ಮೇಲೆ ಅವಳ ಗೇಟಿಗೆ ಬಂದು ಹೇಳಿ ಹೋಗುತ್ತಾರೆ.

“ಅಮ್ಮಾ, ಇಳಿದ್ವಿ.”

“ಎಷ್ಟು ಜನ ಹತ್ತಿದ್ರಿ?”

“ಇಬ್ಬರು.”

“ಇಬ್ಬರೂ ಇಳಿದ್ರಾ?”

“ಇಬ್ಬರೂ ಇಲ್ಲೇ ಇದ್ದೀವಲ್ಲಮ್ಮ, ನೋಡಿ.”

ಇಬ್ಬರ ಮುಖವನ್ನೂ ನೋಡಿ, ಟೀ ಕೊಟ್ಟು ಕಳಿಸುತ್ತಾಳೆ. ಅವರು ಹೋದ ಮೇಲೂ ಒಲೆಯ ಮೇಲೆ ಒಂದು ಲೋಟ ಟೀ ಉಳಿದಿರುತ್ತದೆ. ಗೊತ್ತಿದ್ದೂ ಅಷ್ಟು ಹೆಚ್ಚಿಗೆ ಮಾಡಿರುತ್ತಾಳೆ. ಅದು ತಣ್ಣಗಾಗುವವರೆಗೆ ಜಗಲಿಯಲ್ಲಿ ಕುಳಿತಿದ್ದು, ಆಮೇಲೆ ಎದ್ದು ಒಳಗೆ ಹೋಗುತ್ತಾಳೆ.